ಹಾಳೆ ಬೀಳುವ ಸದ್ದು

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ ಇದೆ. ತೋಟದ ಮನೆಯವರಿಗೆ ಒಂದು ಸದ್ದು ಹುಟ್ಟಿನಿಂದಲೇ ಪರಿಚಯ. ಹಣ್ಣಾದ ಸೋಗೆ ಬುಡದ ಹಾಳೆಸಮೇತ ಮರದಿಂದ ಕಳಚಿ, ಪಕ್ಕದ ಸೋಗೆಗಳನ್ನು ಸವರಿಕೊಂಡು ನೆಲಕ್ಕೆ ಬೀಳುವ ಸದ್ದು. ಮೊದಲು ಸರಸರ, ಆಮೇಲೆ ಧಪ್. ಆ ಸದ್ದಿಗೆ ನಮ್ಮ ನಿದ್ದೆ ಕೆಡುವುದಿಲ್ಲ. ಆದರೆ 2023ರ ಮಳೆಗಾಲದ ಆಟಿ ತಿಂಗಳಿನಿಂದ ಮುಂದೆ ಏಳೆಂಟು ತಿಂಗಳು, ರಾತ್ರಿ ಒಂದು ಹಾಳೆ ಬಿದ್ದರೂ ನನ್ನ ಮಗ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದ. ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಹೊದಿಕೆಯ ಅಂಚನ್ನು ಸುರುಳಿ ಮಾಡಿ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಎಳೆಯದೆ, ಬಿಡದೆ ಹಾಗೆಯೇ ಕುಳಿತಿರುತ್ತಿದ್ದ. ಆ ಹಿಡಿತದ ಅರ್ಥ ನನಗೆ ತಿಳಿದದ್ದು ನಾಲ್ಕು ತಿಂಗಳ ಬಳಿಕ.

ಆಗ ಅವನಿಗೆ 12 ವರ್ಷ, ಏಳನೆಯ ತರಗತಿ. ಜುಲೈ ತಿಂಗಳ ಒಂದು ಭಾನುವಾರ, ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಕೊಳೆರೋಗಕ್ಕೆ ಎರಡನೆಯ ಸಲ ಮದ್ದು ಬಿಡಬೇಕಿತ್ತು. ಮರ ಹತ್ತಿ ಮದ್ದು ಬಿಡುವವರು ಈಗ ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ. ಹಿಂದಿನ ರಾತ್ರಿ ನಾನೇ ನನ್ನ ತಮ್ಮನಿಗೆ ಫೋನ್ ಮಾಡಿ, ‘ನಾಳೆ ಒಮ್ಮೆ ಬಂದು ಹೋಗುತ್ತೀಯಾ’ ಎಂದು ಕೇಳಿದ್ದೆ. ಅವನಿಗೆ ಮರ ಹತ್ತುವುದು ಚಿಕ್ಕಂದಿನಿಂದ ಅಭ್ಯಾಸ. ಬೆಳಿಗ್ಗೆ ಬಂದವನು ಅಂಗಳದಲ್ಲಿ ಆ ಮದ್ದನ್ನು, ಬೋರ್ಡೋ ದ್ರಾವಣವನ್ನು, ತಯಾರಿಸುವುದು ಹೇಗೆಂದು ಸೋದರಳಿಯನಿಗೆ ಕಲಿಸುತ್ತಿದ್ದ. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಆಮೇಲೆ ಎರಡನ್ನೂ ಬೆರೆಸಬೇಕು. ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡಬೇಕು. ಚೂರಿಯ ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ. ಹುಡುಗ ಚೂರಿ ಅದ್ದುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೆ.

ಹನ್ನೊಂದು ಗಂಟೆಯ ಹೊತ್ತಿಗೆ ತೋಟದ ಕಡೆಯಿಂದ ಧಪ್ ಎಂದು ಕೇಳಿಸಿತು. ಹಾಳೆ ಬಿತ್ತು ಎಂದುಕೊಂಡು ನಾನು ಸೌತೆಕಾಯಿ ಹೆಚ್ಚುವುದನ್ನು ಮುಂದುವರಿಸಿದೆ.

ಆಸ್ಪತ್ರೆಗೆ ತಲುಪುವ ಮೊದಲೇ ತಮ್ಮ ಹೋಗಿಬಿಟ್ಟಿದ್ದ. ಪಂಪಿನ ಹತ್ತಿರ ನನ್ನ ಗಂಡ ಇದ್ದರು. ಮರಗಳ ನಡುವೆ ಪೈಪು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಕೆಲಸ ಮಗನದ್ದು. ಬಿದ್ದದ್ದನ್ನು ಹತ್ತಿರದಿಂದ ಕಂಡವನು ಅವನೊಬ್ಬನೇ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನಗಳಲ್ಲಿ ಅವನು ಬಂದವರಿಗೆಲ್ಲ ನೀರು ಕೊಟ್ಟ, ಎಲೆ ಹಾಕಿದ. ‘ಗಟ್ಟಿ ಹುಡುಗ’ ಎಂದು ಎಲ್ಲರೂ ಹೊಗಳಿದರು. ನಾನೂ ಹಾಗೆಯೇ ನಂಬಿದೆ. ನನಗೆ ನನ್ನ ದುಃಖವೇ ಹಾಸಿ ಹೊದೆಯುವಷ್ಟಿತ್ತು. ಆಮೇಲೆ ಒಂದೊಂದೇ ಶುರುವಾಯಿತು. ಶಾಲೆಗೆ ಹೊರಡುವಾಗ ಹೊಟ್ಟೆನೋವು. ತೋಟದ ನಡುವಿನ ಹತ್ತಿರದ ದಾರಿ ಬಿಟ್ಟು ಗುಡ್ಡ ಸುತ್ತಿಕೊಂಡು ಬಸ್ಸಿಗೆ ಹೋಗುವುದು. ಐದು ವರ್ಷದ ತಂಗಿಯ ಮೇಲೆ ಹಿಂದೆಂದೂ ಇಲ್ಲದ ಸಿಟ್ಟು. ಹನ್ನೆರಡು ವರ್ಷದವನ ಹಾಸಿಗೆ ಬೆಳಿಗ್ಗೆ ಒದ್ದೆಯಾಗಿರುತ್ತಿತ್ತು. ಯಾರಿಗೂ ತಿಳಿಯಬಾರದೆಂದು ಅವನೇ ಎದ್ದು ಬಾವಿಕಟ್ಟೆಯಲ್ಲಿ ಅದನ್ನು ಒಗೆಯುತ್ತಿದ್ದ. ಒಂದು ದಿನ ನಾನು ಗದರಿದೆ. ಈಗಲೂ ನೆನೆದಾಗಲೆಲ್ಲ ಆ ಮಾತು ನನ್ನನ್ನು ಚುಚ್ಚುತ್ತದೆ. ಆಘಾತದ ಬಳಿಕ ಹಾಸಿಗೆ ಒದ್ದೆ ಮಾಡುವ ಮಕ್ಕಳನ್ನು ಶಿಕ್ಷಿಸಬಾರದು, ಅದರಿಂದ ಕೆಡುಕೇ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿತ್ತು ಎಂಬುದು ನನಗೆ ತಿಳಿದದ್ದು ಬಹಳ ಬಳಿಕ.

ಕಣ್ಣು ತೆರೆಸಿದವರು ಅವನ ಕನ್ನಡ ಮಾಧ್ಯಮ ಶಾಲೆಯ ಟೀಚರ್. ಓಣಂ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಫೋನ್ ಮಾಡಿದರು. ಎಲ್ಲ ವಿಷಯಗಳನ್ನೂ ಅವನು ಪೆನ್ಸಿಲಿನಲ್ಲಿ ಬರೆದಿದ್ದ. ‘ಯಾಕೆಂದು ಕೇಳಿದರೆ ಉತ್ತರ ಕೊಡುವುದಿಲ್ಲ, ನೀವೊಮ್ಮೆ ವಿಚಾರಿಸಿ’ ಎಂದರು. ಮನೆಗೆ ಬಂದು ಚೀಲ ತೆರೆದು ನೋಡಿದೆ. ಜುಲೈ ಬಳಿಕ ಯಾವ ಪುಸ್ತಕದಲ್ಲೂ ನೀಲಿ ಅಕ್ಷರ ಇರಲಿಲ್ಲ. ಮೈಲುತುತ್ತಿನ ನೀಲಿ. ಆ ದಿನ ಅಂಗಿಯ ಮೇಲೆ, ಕೈಯ ಮೇಲೆ, ನೆಲದ ಮೇಲೆ ಹರಡಿದ್ದ ನೀಲಿ. ಕಪಾಟಿನಲ್ಲಿ ಅವನ ನೀಲಿ ಅಂಗಿಗಳೂ ಇರಲಿಲ್ಲ. ಅವು ಕೊಟ್ಟಿಗೆಯ ಅಟ್ಟದಲ್ಲಿ ಗೋಣಿಯೊಳಗೆ ಸಿಕ್ಕಿದವು.

ಹೆದರಿಕೆ ತಾಗಿದೆ ಎಂದು ಅತ್ತೆ ಮಂತ್ರಿಸಿದ ನೂಲು ಮಾಡಿಸಿ ಕಟ್ಟಿದ್ದರು. ಮಧೂರಿಗೆ ಹೋಗಿ ಗಣಪತಿಗೆ ಅಪ್ಪದ ಸೇವೆಯನ್ನೂ ಮಾಡಿಸಿದೆವು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆ ದಿನ ಅವನು ಅಪ್ಪ ತಿಂದು, ಹಿಂದಿರುಗುವಾಗ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದ. ಮನೆಯವರೆಲ್ಲ ತನಗಾಗಿ ಒಟ್ಟಾಗಿ ಹೊರಟಿದ್ದಾರೆ ಎಂಬುದು ಮಗುವಿಗೆ ದೊಡ್ಡ ಆಸರೆ. ಆದರೆ ರಾತ್ರಿಯ ಹಾಳೆಗೆ ಅದು ಸಾಲಲಿಲ್ಲ. ಹೊಟ್ಟೆನೋವಿಗೆ ಸಿರಪ್ ಬರೆದುಕೊಟ್ಟ ವೈದ್ಯರು, ‘ಮಕ್ಕಳಲ್ಲವೇ, ಮರೆಯುತ್ತಾರೆ’ ಎಂದರು. ಅದು ಪೂರ್ತಿ ಸುಳ್ಳಲ್ಲ. ಭೀಕರವಾದದ್ದನ್ನು ಕಂಡ ಮಕ್ಕಳಲ್ಲಿ ಬಹಳಷ್ಟು ಮಂದಿ, ಮನೆಯ ದಿನಚರಿ ಎಂದಿನಂತಿದ್ದು ಹಿರಿಯರು ಜೊತೆಗಿದ್ದರೆ, ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ದಾಟಿದರೂ ಕನಸು, ಬೆಚ್ಚುವುದು, ದೂರ ಸರಿಯುವುದು ಇಳಿಯದಿದ್ದರೆ ಮಾತ್ರ ಕಾಯಬಾರದು. ನಾವು ಎರಡು ತಿಂಗಳು ಕಾದಿದ್ದೆವು.

ಮೊದಲು ಹೋದ ಕಡೆ ಕೌನ್ಸೆಲರ್ ಒಳ್ಳೆಯವರು, ಆದರೆ ಅವರಿಗೆ ಮಲಯಾಳ ಮಾತ್ರ ಬರುತ್ತಿತ್ತು. ನನ್ನ ಮಗನಿಗೆ ಮಲಯಾಳ ಬರುವುದಿಲ್ಲ ಎಂದಲ್ಲ. ಅಂಗಡಿಗೆ ಹೋಗಿ ಸಾಮಾನು ತರುತ್ತಾನೆ, ಕ್ರಿಕೆಟ್ ಆಡುವಾಗ ಜಗಳವನ್ನೂ ಆಡುತ್ತಾನೆ. ಅಲ್ಲಿ ಮಾತ್ರ ಕೇಳಿದ್ದಕ್ಕೆಲ್ಲ ‘ಶರಿ’ ಎಂದ. ನಿದ್ದೆ ಬರುತ್ತದೆಯೇ? ಶರಿ. ಹೆದರಿಕೆ ಇದೆಯೇ? ಶರಿ. ಮೂರನೆಯ ಭೇಟಿಯಲ್ಲಿ ಅವರೇ ನನ್ನನ್ನು ಕರೆದು, ‘ಇವನಿಗೆ ಇವನ ಭಾಷೆಯವರೇ ಬೇಕು’ ಎಂದರು. ಆ ಪ್ರಾಮಾಣಿಕತೆಗೆ ನಾನು ಋಣಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಾವು ಈ ಕಡೆ ಇದ್ದೇವೆ. ಅರ್ಜಿಯ ನಮೂನೆಯನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಲು ಕಲಿತಿದ್ದೇವೆ. ಮಗುವಿನ ಭಯವನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವವರನ್ನೂ ಕೊಡಿ ಎಂದು ಕೇಳಬೇಕೆಂದು ನನಗಂತೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನಡುವೆ ಇನ್ನೊಂದು ಕಡೆಗೂ ಹೋದೆವು. ಅಲ್ಲಿ ಮೊದಲ ದಿನವೇ, ಕೋಣೆಯಲ್ಲಿ ಇನ್ನೂ ಮೂವರು ಕುಳಿತಿರುವಾಗ, ‘ನಡೆದದ್ದನ್ನು ಮೊದಲಿನಿಂದ ಹೇಳು, ಹೇಳಿದರೆ ಹಗುರಾಗುತ್ತದೆ’ ಎಂದು ಒತ್ತಾಯಿಸಿದರು. ಹುಡುಗ ಎರಡು ವಾಕ್ಯ ಹೇಳಿದ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ. ಮುಂದೆ ಒಂದು ವಾರ ಶಾಲೆಗೆ ಹೋಗಲಿಲ್ಲ. ಒಂದೇ ಕೂತಲ್ಲಿ ಎಲ್ಲವನ್ನೂ ಬಾಯಿ ಬಿಡಿಸುವುದು ಚಿಕಿತ್ಸೆಯಲ್ಲ. ಹೇಳುವುದು ಬೇಕು, ನಿಜ. ಆದರೆ ಹೇಳಲು ಬಲ ಬಂದ ಮೇಲೆ, ಮಗುವಿನ ಹೆಜ್ಜೆಯಲ್ಲೇ ಬೇಕು.

ಆ ವಾರ ನಾನು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ಹಗಲು ರಾತ್ರಿ ಉಚಿತ, ಭಾಷೆಯನ್ನು ನಾವೇ ಆರಿಸಿಕೊಳ್ಳಬಹುದು. ಕನ್ನಡದಲ್ಲಿ ಮಾತನಾಡಿದ ಆ ಹೆಣ್ಣುಮಗಳು ಅರ್ಧ ಗಂಟೆ ಕೇಳಿಸಿಕೊಂಡಳು. ಮಕ್ಕಳ ಆಘಾತಕ್ಕೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರನ್ನೇ ಹುಡುಕಿ, ಅಲ್ಲಿಯವರೆಗೆ ಅವನನ್ನು ಏನೂ ಕೇಳಬೇಡಿ, ಅವನಾಗಿ ಹೇಳಿದರೆ ತಡೆಯಬೇಡಿ ಎಂದಳು. ಹಾಗೆ ನಾವು ಮಂಗಳೂರಿನ ದಾರಿ ಹಿಡಿದೆವು. ದೊಡ್ಡ ಕಾಯಿಲೆ ಯಾವುದೇ ಆದರೂ ನಮ್ಮ ದಾರಿ ಅದೇ. 2020ರಲ್ಲಿ ಕೊರೋನಾ ಬಂದು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿಗೆ ತಲುಪಲಾಗದ ರೋಗಿಗಳಿಗೆ ಏನಾಯಿತು ಎಂಬುದನ್ನು ಗಡಿಯ ಈಚೆಗಿನವರು ಯಾರೂ ಮರೆತಿಲ್ಲ.

ಅಕ್ಟೋಬರ್ ನಡುವಿನಿಂದ ಫೆಬ್ರವರಿಯವರೆಗೆ 14 ಶನಿವಾರ ಹೋದೆವು. ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ, ಕುಂಬಳೆಗೆ ಬಂದು, ಹೆದ್ದಾರಿ ಕಾಮಗಾರಿಯ ಕೆಸರು, ಆಮೇಲೆ ಧೂಳು ದಾಟಿಕೊಂಡು. ಅಲ್ಲಿ ಸಿಕ್ಕಿದ ಮನಶ್ಶಾಸ್ತ್ರಜ್ಞೆ ಮೇಡಂ ಪುತ್ತೂರಿನ ಕಡೆಯವರು. ಅವನು ಮನೆಮಾತಿನಲ್ಲಿ ಹವ್ಯಕ ಕನ್ನಡ ಆಡಿದರೂ ಅವರಿಗೆ ತಿಳಿಯುತ್ತಿತ್ತು. ಮೊದಲ ದಿನ ಅವರು ತೋಟದ ಸುದ್ದಿಯನ್ನೇ ಎತ್ತಲಿಲ್ಲ. ‘ನಿಮ್ಮ ಮನೆಯಲ್ಲಿ ನಾಯಿ ಇದೆಯೇ?’ ಎಂದು ಕೇಳಿದರು. ಇದೆ ಎಂದ. ‘ಅದು ಒಮ್ಮೆ ಚಿರತೆಯನ್ನು ಕಂಡಿತು ಎಂದುಕೋ. ಆಮೇಲೆ ಏನು ಮಾಡುತ್ತದೆ?’ ಎಲೆ ಅಲ್ಲಾಡಿದರೂ ಬೊಗಳುತ್ತದೆ ಎಂದ. ‘ನಾಯಿಗೆ ಹುಚ್ಚು ಹಿಡಿಯಿತೇ?’ ಇಲ್ಲ, ಮನೆಯನ್ನು ಕಾಯುತ್ತಿದೆ ಎಂದ. ‘ಹಾಗೆಯೇ ನಿನ್ನ ತಲೆಯೊಳಗೂ ಕಾಯುವವನೊಬ್ಬ ಇದ್ದಾನೆ. ಅವನಿಗೆ ಹೊಡೆಯುವುದು ಬೇಡ. ಎಲೆ ಯಾವುದು, ಚಿರತೆ ಯಾವುದು ಎಂದು ಮತ್ತೊಮ್ಮೆ ಕಲಿಸೋಣ.’ ಮೂರು ತಿಂಗಳಲ್ಲಿ ಮೊದಲ ಸಲ ಹುಡುಗ ತಲೆಯೆತ್ತಿ ಎದುರಿನವರ ಮುಖ ನೋಡಿದ್ದನ್ನು ನಾನು ಕಂಡೆ.

ಅವರು ಅನುಸರಿಸಿದ ಕ್ರಮಕ್ಕೆ ಟ್ರಾಮಾ ಫೋಕಸ್ಡ್ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂದು ಹೆಸರು. ಅಮೆರಿಕದ ಜುಡಿತ್ ಕೋಹೆನ್, ಎಸ್ತರ್ ಡೆಬ್ಲಿಂಗರ್, ಆಂಟನಿ ಮನ್ನರಿನೊ ಎಂಬ ಮೂವರು ರೂಪಿಸಿದ್ದು. ಸಾಮಾನ್ಯವಾಗಿ 12ರಿಂದ 16 ಭೇಟಿ ಬೇಕಾಗುತ್ತದೆ. ಪ್ರತಿ ಸಲವೂ ಅರ್ಧ ಹೊತ್ತು ಮಗುವಿನ ಜೊತೆ, ಅರ್ಧ ಹೊತ್ತು ಹೆತ್ತವರ ಜೊತೆ. ನನ್ನನ್ನೂ ಕೂರಿಸುತ್ತಾರೆ ಎಂದಾಗ ನನಗೆ ಅಸಮಾಧಾನವಾಗಿತ್ತು; ಕಾಯಿಲೆ ಮಗನಿಗಲ್ಲವೇ ಎಂದುಕೊಂಡಿದ್ದೆ. ಮನೋವೈದ್ಯರೂ ಒಮ್ಮೆ ನೋಡಿದರು. ನೆಂಟರೊಬ್ಬರು ಹೇಳಿದಂತೆ ನಿದ್ದೆಯ ಮಾತ್ರೆ ಕೊಡಬಹುದೇ ಎಂದು ಕೇಳಿದೆ. ಮಕ್ಕಳ ಈ ತೊಂದರೆಗೆ ಅಂಥ ಮಾತ್ರೆ ಮದ್ದಲ್ಲ, ಮೊದಲು ಈ ಮಾತಿನ ಚಿಕಿತ್ಸೆಯೇ ನಡೆಯಲಿ ಎಂದರು.

ಮೊದಲ ವಾರಗಳೆಲ್ಲ ಬಲ ತುಂಬುವುದಕ್ಕೇ ಹೋದವು. ಉಸಿರಾಟವನ್ನು ಅವರು ತಾಳಕ್ಕೆ ಕೂರಿಸಿದರು. ಮಾವನ ಜೊತೆ ತಾಳಮದ್ದಳೆಗೆ ಹೋಗಿ ಹೋಗಿ ಹುಡುಗನಿಗೆ ತಾಳ ಬಾಯಿಪಾಠವಾಗಿತ್ತು. ಏಕತಾಳದ ನಾಲ್ಕು ಎಣಿಕೆಗೆ ಉಸಿರು ಒಳಗೆ, ಅದರ ಎರಡರಷ್ಟು ಎಣಿಕೆಗೆ ಹೊರಗೆ. ರಾತ್ರಿ ಎದ್ದು ಕುಳಿತಾಗ ನಾನು ಅವನ ಬೆನ್ನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದೆ. ಹೆದರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದನ್ನು ಕಲಿಸಿದರು. ‘ಈಗ ಎಷ್ಟು?’ ಎಂಬ ಎರಡು ಮಾತು ಮನೆಯಲ್ಲಿ ಎಷ್ಟೋ ಉಪದೇಶಗಳನ್ನು ಉಳಿಸಿತು.

ಆಮೇಲೆ ಬರೆಯಲು ಹೇಳಿದರು. ಮಾವನ ಬಗ್ಗೆ ಮೊದಲ ಅಧ್ಯಾಯ, ಬದುಕಿದ್ದ ಮಾವನ ಬಗ್ಗೆ. ಎರಡನೆಯದು ಆ ಬೆಳಗಿನ ಬಗ್ಗೆ. ಅದರಲ್ಲಿ ಒಂದು ಹಲ್ಲಿ ಬಂದಿತ್ತು. ಮಾವ ಮರ ಹತ್ತಲು ಕಾಲಿಗೆ ಹಾಕುವ ತಳೆ ಕೇಳಿದ ಹೊತ್ತಿಗೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತ್ತಂತೆ. ಅಜ್ಜಿಗೆ ಹೇಳಿದ್ದರೆ ಹೊರಡಲು ಬಿಡುತ್ತಿರಲಿಲ್ಲ, ನಾನು ಹೇಳಲಿಲ್ಲ ಎಂದು ಬರೆದಿದ್ದ. ಮೇಡಂ ನನಗೆ ವಿವರಿಸಿದರು. 1976ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿ, ಮಕ್ಕಳನ್ನು ಕಲ್ಲುಕೋರೆಯೊಂದರಲ್ಲಿ ಹೂತಿಟ್ಟ ವಾಹನದೊಳಗೆ ಕೂಡಿಹಾಕಿದ್ದರು. ಮಕ್ಕಳೆಲ್ಲ ಬದುಕಿ ಬಂದರು. ಅವರನ್ನು ವರ್ಷಗಟ್ಟಲೆ ಗಮನಿಸಿದ ಮನೋವೈದ್ಯೆ ಲೆನೋರ್ ಟೆರ್, ಆ ದಿನ ತಮಗೆ ಏನೋ ಸೂಚನೆ ಸಿಕ್ಕಿತ್ತು, ತಾವದನ್ನು ಗಮನಿಸಲಿಲ್ಲ ಎಂದು ಮಕ್ಕಳು ಹಿಂದಕ್ಕೆ ಹೋಗಿ ಹುಡುಕುವುದನ್ನು ಕಂಡರು. ಯಾವ ಕಾರಣವೂ ಇಲ್ಲದೆ ಇಂಥದ್ದು ನಡೆಯುತ್ತದೆ ಎನ್ನುವುದಕ್ಕಿಂತ ‘ನನ್ನಿಂದ ತಪ್ಪಿತು’ ಎನ್ನುವುದು ಮಗುವಿಗೆ ಎಷ್ಟೋ ವಾಸಿ ಅನಿಸುತ್ತದಂತೆ.

ನವೆಂಬರ್ ಕೊನೆಯ ಶನಿವಾರ ಮೇಡಂ ನನ್ನನ್ನು ಒಬ್ಬಳನ್ನೇ ಕರೆದು, ಅವನ ಒಪ್ಪಿಗೆ ಪಡೆದಿದ್ದೇನೆ ಎಂದು ಹೇಳಿ, ಮೂರನೆಯ ಅಧ್ಯಾಯವನ್ನು ಕೈಗಿತ್ತರು. ಪೆನ್ಸಿಲಿನಲ್ಲಿ ಐದೇ ಸಾಲು. ‘ಪೈಪು ಕೊಕ್ಕೋ ಗಿಡಕ್ಕೆ ಸಿಕ್ಕಿಕೊಂಡಿತ್ತು. ನಾನು ಎಳೆದೆ. ಮಾವ ಬಿದ್ದರು. ಅಪ್ಪನಿಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತಾದರೆ ಅಮ್ಮ ಇನ್ನೂ ಅಳುತ್ತಾಳೆ.’

ಹೊದಿಕೆಯ ಸುರುಳಿ, ಎಳೆಯದೆ ಬಿಡದೆ ಹಿಡಿದ ಆ ಎರಡು ಕೈ ನನ್ನ ಕಣ್ಣ ಮುಂದೆ ಬಂದವು. ನಾನು ಅಲ್ಲಿ ಬಹಳ ಹೊತ್ತು ಅತ್ತೆ. ಇದನ್ನು ಮೊದಲು ನನ್ನೊಬ್ಬಳಿಗೇ ಓದಿಸಿದ್ದು ಅದಕ್ಕಾಗಿಯೇ ಎಂದು ಮೇಡಂ ಹೇಳಿದರು. ಮಗುವಿನ ಮುಂದೆ ಕೇಳಿಸಿಕೊಳ್ಳುವಾಗ ಕೇಳಿಸಿಕೊಳ್ಳುವಷ್ಟು ಬಲ ನನ್ನಲ್ಲಿರಬೇಕು. ‘ಅವನು ನಿಮ್ಮಿಂದ ಬಚ್ಚಿಟ್ಟಿಲ್ಲ, ನಿಮ್ಮನ್ನು ಕಾಪಾಡುತ್ತಿದ್ದಾನೆ. ನೀವೂ ಅವನಿಂದ ಏನನ್ನಾದರೂ ಹಾಗೆಯೇ ಮುಚ್ಚಿಟ್ಟಿದ್ದೀರಾ?’ ಎಂದು ಕೇಳಿದರು. ಮುಚ್ಚಿಟ್ಟಿದ್ದೆ. ಫೋನ್ ಮಾಡಿ ಕರೆದವಳು ನಾನು.

ಮುಂದಿನ ವಾರ ಅವರು ಅವನ ಮುಂದೆ ಬಿಳಿ ಹಾಳೆಯ ಮೇಲೆ ದೊಡ್ಡದೊಂದು ವೃತ್ತ ಬರೆದರು. ಇದು ಒಂದು ದೋಸೆ, ಮಾವ ಬಿದ್ದುದಕ್ಕೆ ಇರುವ ಕಾರಣಗಳೆಲ್ಲ ಸೇರಿ ಒಂದು ದೋಸೆ. ನಿನ್ನ ಪಾಲು ಎಷ್ಟು ಎಂದು ಕೇಳಿದರು. ಇಡೀ ದೋಸೆ ಎಂದ. ಸರಿ, ಅದನ್ನು ಕೊನೆಗೆ ಬರೆಯೋಣ, ಮೊದಲು ಬೇರೆಯವರಿಗೆ ಬಡಿಸೋಣ ಎಂದರು. ಮಳೆಗೆ ಒಂದು ತುಂಡು. ಮರದ ಪಾಚಿಗೆ ಒಂದು. ಸವೆದ ತಳೆಗೆ ಒಂದು. ಅದನ್ನು ಬದಲಾಯಿಸಬೇಕೆಂದು ಮಾವನೇ ಹೇಳಿದ್ದರಂತೆ. ಬೆಲ್ಟ್ ಕಟ್ಟಿಕೊಳ್ಳದ್ದಕ್ಕೆ ಒಂದು. ಮಳೆ ಬರುವ ಮೊದಲು ಮುಗಿಸುವ ಅವಸರಕ್ಕೆ ದೊಡ್ಡದೇ ಒಂದು. ಕೊನೆಗೆ ಅಂಚಿನಲ್ಲಿ ಬೆರಳಷ್ಟು ಜಾಗ ಉಳಿಯಿತು. ‘ಇದು ನನ್ನದು’ ಎಂದು ಅವನು ಗೀಟು ಹಾಕಿದ. ಅದೂ ನಿನ್ನದಲ್ಲ ಎಂದು ಮೇಡಂ ಹೇಳಲಿಲ್ಲ. ಇರಲಿ, ಅದರ ವಿಷಯ ಅಪ್ಪನನ್ನು ಕೇಳೋಣ ಎಂದರು.

ಡಿಸೆಂಬರ್‌ನಲ್ಲಿ ನಾವು ಮೂವರೂ ಒಟ್ಟಿಗೆ ಕುಳಿತೆವು. ಮಗ ಓದಿದ. ಐದು ಸಾಲು ಅಷ್ಟರಲ್ಲಿ ನಾಲ್ಕು ಪುಟವಾಗಿತ್ತು. ನನ್ನ ಗಂಡ ಮಾತು ಕಡಿಮೆಯವರು. ಆ ದಿನದ ಬಗ್ಗೆ ಮನೆಯಲ್ಲಿ ಒಂದಕ್ಷರವೂ ಆಡಿರಲಿಲ್ಲ. ಪೈಪಿನ ಮಾತು ಬಂದಾಗ ಎದ್ದು ನಿಂತರು. ‘ನೀನು ಎಳೆದದ್ದು ಪಂಪಿನ ಕಡೆಯ ಪೈಪು. ಮರದ ಬುಡದಲ್ಲಿ ಇನ್ನೂ ನಾಲ್ಕು ಮಾರು ಸಡಿಲ ಬಿದ್ದಿತ್ತು, ಸಂಜೆ ಸುತ್ತಿ ತೆಗೆದವನು ನಾನು. ನೀನು ಎಳೆದದ್ದು ಮೇಲಿನವರೆಗೆ ತಾಗಲೇ ಇಲ್ಲ’ ಎಂದರು. ನಾಲ್ಕು ಮಾರು ಪೈಪಿನ ಆ ಸಂಗತಿ ಐದು ತಿಂಗಳು ನಮ್ಮ ಮನೆಯಲ್ಲೇ ಇತ್ತು. ಕೇಳುವವನಿಗೆ ಕೇಳುವ ಧೈರ್ಯ ಇರಲಿಲ್ಲ, ಗೊತ್ತಿದ್ದವರಿಗೆ ಅದು ಯಾರಿಗಾದರೂ ಬೇಕಾಗಿದೆ ಎಂದು ತಿಳಿದಿರಲಿಲ್ಲ. ಮಗುವಿನ ಮುಂದೆ ಆ ಸುದ್ದಿ ತೆಗೆಯಬೇಡಿ ಎಂದು ಬಂದವರಿಗೆಲ್ಲ ಹೇಳಿ ಬಾಯಿ ಮುಚ್ಚಿಸಿದವಳು ನಾನೇ.

ಆಮೇಲೆ ನಾನು ನನ್ನ ಫೋನಿನ ವಿಷಯ ಹೇಳಿದೆ. ಧ್ವನಿ ನಡುಗಿತು, ಆದರೆ ನಿಲ್ಲಲಿಲ್ಲ. ಹುಡುಗ ಸ್ವಲ್ಪ ಯೋಚಿಸಿ, ‘ನೀನು ಫೋನ್ ಮಾಡದಿದ್ದರೂ ಮಾವ ಬರುತ್ತಿದ್ದರು ಅಮ್ಮ. ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ನನಗೆ ಹೇಳಿದ್ದರು’ ಎಂದ.

ಉಳಿದದ್ದು ಹಾಳೆಯ ಕೆಲಸ. ನನ್ನ ಗಂಡ ಎರಡು ಸಂಜೆ ತೋಟದಲ್ಲಿ ಮೊಬೈಲ್ ಹಿಡಿದು ಕುಳಿತು ಸೋಗೆ ಬೀಳುವ ಸದ್ದನ್ನು ಹಿಡಿದುಕೊಂಡು ಬಂದರು. ಮೊದಲು ಅದನ್ನು ಸಣ್ಣ ಧ್ವನಿಯಲ್ಲಿ, ಹಗಲು, ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿದೆ. ಎಂಟು ಎಂದ, ತಾಳದ ಉಸಿರು, ಆರು, ನಾಲ್ಕು. ಅಂಕ ಇಳಿಯುವವರೆಗೆ ಅಲ್ಲಿಂದ ಏಳಬಾರದು ಎಂಬುದು ನಿಯಮ; ನಡುವೆ ಎದ್ದು ಓಡಿದರೆ ಹೆದರಿಕೆಯೇ ಗೆದ್ದಂತಾಗುತ್ತದೆ. ಆಮೇಲೆ ಜಗಲಿಯ ಎತ್ತರದಿಂದ ನಾನು ಹಾಳೆ ಬೀಳಿಸಿದೆ. ಆಮೇಲೆ ಅವನೇ ಬೀಳಿಸಿದ. ಆಮೇಲೆ ತೋಟದ ಅಂಚು, ಆಮೇಲೆ ಒಳಗೆ. ಫೆಬ್ರವರಿಯ ಒಂದು ಸಂಜೆ ನಾನು ಬ್ಯಾಂಕಿನಿಂದ ಬರುವಾಗ ತಂಗಿಯನ್ನು ಹಾಳೆಯ ಮೇಲೆ ಕೂರಿಸಿ, ಸೋಗೆಯ ತುದಿ ಹಿಡಿದು ಅಂಗಳದ ತುಂಬ ಎಳೆದಾಡುತ್ತಿದ್ದ. ಎಳೆಯುತ್ತಿದ್ದ ಎಂಬುದನ್ನು ನಾನು ಎಷ್ಟು ಹೊತ್ತು ನಿಂತು ನೋಡಿದೆನೋ ತಿಳಿಯದು.

ಎಲ್ಲವೂ ಅಲ್ಲಿಗೆ ಮುಗಿಯಲಿಲ್ಲ. 2024ರ ಜುಲೈ ಹತ್ತಿರವಾದಾಗ ಮತ್ತೆ ನಾಲ್ಕೈದು ರಾತ್ರಿ ಎದ್ದು ಕುಳಿತ. ವರ್ಷ ತುಂಬುವ ಹೊತ್ತಿಗೆ ಹೀಗಾಗುತ್ತದೆ, ಹಿಂದಕ್ಕೆ ಜಾರಿದ ಎಂದು ಗಾಬರಿಯಾಗಬೇಡಿ ಎಂದು ಮೇಡಂ ಮೊದಲೇ ಹೇಳಿದ್ದರು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಟಿ.ವಿ.ಯಲ್ಲಿ ದಿನವಿಡೀ ಅದೇ ದೃಶ್ಯಗಳು. ನಾನು ಟಿ.ವಿ. ಆರಿಸಿದೆ. ಅವನು ಬಂದು, ಅಲ್ಲಿನ ಮಕ್ಕಳನ್ನು ಅವರ ಭಾಷೆಯಲ್ಲಿ ಮಾತನಾಡಿಸುವವರು ಇದ್ದಾರಲ್ಲವೇ ಎಂದು ಕೇಳಿದ. ಇದ್ದಾರೆ ಎಂದೆ.

ಆ ವರ್ಷ ಮದ್ದು ಬಿಡಲು ನಾವು ಯಾರನ್ನೂ ಮರ ಹತ್ತಿಸಲಿಲ್ಲ. ಕಾರ್ಬನ್ ಫೈಬರ್ ದೋಟಿ ತಂದೆವು. ನೆಲದ ಮೇಲೆ ನಿಂತೇ ಮರದ ತುದಿಗೆ ಮದ್ದು ತಲುಪುತ್ತದೆ. 2024ರಲ್ಲಿ ಹುಡುಗ ಜಗಲಿಯಿಂದ ನೋಡಿದ, ಅಷ್ಟೇ. ನಾವು ಕರೆಯಲೂ ಇಲ್ಲ. 2025ರ ಜೂನ್‌ನಲ್ಲಿ ಅವನಪ್ಪ ಅಂಗಳದಲ್ಲಿ ಸುಣ್ಣ ಕಲಸುವಾಗ ತಾನಾಗಿ ಇಳಿದು ಬಂದ. ಡ್ರಮ್ಮಿನ ಹತ್ತಿರ ಬಂದಾಗ ಒಂದು ಗಳಿಗೆ ನಿಂತ. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದ ಎಂದು ಕಾಣುತ್ತದೆ. ಆಮೇಲೆ ಅಡುಗೆಮನೆಗೆ ಬಂದು ನನ್ನ ಕೈಯಿಂದಲೇ ಚೂರಿ ಇಸಿದುಕೊಂಡು ಹೋದ. ನೀಲಿಯಲ್ಲಿ ಅದ್ದಿ, ಹೊರಗೆ ತೆಗೆದು, ಬೆಳಕಿಗೆ ತಿರುಗಿಸಿ ನೋಡಿದ.

‘ಸ್ವಲ್ಪ ಕೆಂಪು ಹಿಡಿದಿದೆ ಅಪ್ಪ, ಇನ್ನೂ ಸುಣ್ಣ ಬೇಕು’ ಎಂದ.